ಡ್ರಾಯರ್ ಸಿಕ್ಕಿಹಾಕಿಕೊಂಡದ್ದು ಟೇಪಿನ ಕೊಕ್ಕೆಯಿಂದ

ಮೇಜಿಗೆಂದು ಮಾಡಿದ ಡ್ರಾಯರ್ ಒಳಗೆ ಹೋಗಲೇ ಇಲ್ಲ. ಎರಡು ಸಲ ಬದಿಗೆ ಕೀಸುಳಿ ಹಾಕಿದೆ, ಆದರೂ ಬಿಗಿ. ಮರ ಉಬ್ಬಿದೆ ಅಂತ ಮಳೆಗಾಲವನ್ನು ಬೈದೆ, ಸುಮ್ನೆ!

ಆಮೇಲೆ ನೆನಪಾಯ್ತು: ಖಾನೆಯ ಅಗಲ ಅಳೆದದ್ದು ಒಂದು ಟೇಪಲ್ಲಿ, ಹಲಗೆಗೆ ಗುರುತು ಹಾಕಿದ್ದು ಇನ್ನೊಂದರಲ್ಲಿ. ಅಂಚಿನಿಂದಲೇ ಸೊನ್ನೆ ಶುರುವಾಗುವ ಸ್ಟೀಲ್ ಸ್ಕೇಲಿಗೆ ಎರಡು ಟೇಪನ್ನೂ ತುದಿಯ ಕೊಕ್ಕೆ ಹಾಕಿ ನೋಡಿದೆ. ಒಂದು ಸರಿಯಾಗಿ 300 ಮಿ.ಮೀ. ಇನ್ನೊಂದು ಅದೇ ಜಾಗದಲ್ಲಿ 298.5. ಕೆಳಗೆ ಬಿದ್ದು ಅದರ ಕೊಕ್ಕೆ ಹೊರಗೆ ಬಾಗಿತ್ತು. ಹಲಗೆಗೆ ಗುರುತು ಹಾಕಿದ್ದು ಅದರಲ್ಲೇ, ಹಾಗಾಗಿ ಹಲಗೆ ಒಂದೂವರೆ ಮಿ.ಮೀ. ಜಾಸ್ತಿ.

ಕೊಕ್ಕೆ ಸ್ವಲ್ಪ ಅಲ್ಲಾಡುವುದು ದೋಷವಲ್ಲ. ಒಳಗೆ ಒತ್ತಿ ಅಳೆದರೂ ಹೊರಗೆ ಎಳೆದು ಅಳೆದರೂ ಲೆಕ್ಕ ಸರಿಬರಲಿ ಅಂತ, ಅದರ ದಪ್ಪದಷ್ಟೇ ಸಡಿಲ ಬಿಟ್ಟಿರುತ್ತಾರೆ. ನಾನು ಮೊದಲು ಅದನ್ನೇ ಸುತ್ತಿಗೆಯಿಂದ ಬಿಗಿ ಮಾಡಲು ಹೊರಟಿದ್ದೆ!

ಹೊಸ ಟೇಪು ಕೊಳ್ಳುವಾಗ ಪಟ್ಟಿಯ ಮೇಲೆ ನಿಖರತೆಯ ದರ್ಜೆ ತೋರಿಸುವ ರೋಮನ್ ಅಂಕಿ ಹುಡುಕಿದೆ. ಯುರೋಪಿನ ನಿಯಮದಲ್ಲಿ ಎರಡನೇ ದರ್ಜೆಗೆ 1 ಮೀಟರಿಗೆ 0.5 ಮಿ.ಮೀ. ವ್ಯತ್ಯಾಸಕ್ಕೆ ಅವಕಾಶ, ಮೊದಲನೆಯದಕ್ಕೆ 0.2. ಎರಡೂ ಕಡೆ ಮಿಲಿಮೀಟರ್ ಇರುವುದನ್ನೇ ತಂದೆ. ಇಂಚು, ನೂಲಿನ (ಇಂಚಿನ ಎಂಟನೇ ಒಂದು ಭಾಗ) ಲೆಕ್ಕ ಬೆರೆತರೆ ನನಗೆ ತಲೆ ಕೆಡುತ್ತದೆ.

ಮೂಲೆ ಲಂಬಕೋನವೇ ಎಂದು ನೋಡುವ ಟ್ರೈ ಸ್ಕ್ವೇರುಗಳನ್ನು ಅಂಗಡಿಯಲ್ಲೇ ಒಂದೊಂದಾಗಿ ಪರೀಕ್ಷಿಸಿದೆ. ನೇರ ಅಂಚಿಗೆ ಇಟ್ಟು ಗೆರೆ ಎಳೆದೆ, ಮಗುಚಿ ಅದೇ ಬಿಂದುವಿನಿಂದ ಮತ್ತೊಂದು ಎಳೆದೆ. ಮೂರನೆಯ ಸ್ಕ್ವೇರಿನಲ್ಲಿ ಎರಡೂ ಗೆರೆ ಒಂದಾದವು. ಅಂಗಡಿಯವರು ಮುಖ ಸಿಂಡರಿಸಿದರು, ಪರವಾಗಿಲ್ಲ.

ಈಗ ಒಂದು ಕೆಲಸಕ್ಕೆ ಒಂದೇ ಟೇಪು. ಡ್ರಾಯರ್ ಬೆರಳಲ್ಲಿ ತಳ್ಳಿದರೆ ಒಳಗೆ ಹೋಗುತ್ತದೆ.