ನಂಬರ್ ಟೂ ಯಾರು? ರಾಕ್ ಗಿಟಾರಿಸ್ಟ್‌ಗಳ ಬಗ್ಗೆ ನೆಟ್ಟಗೆ ಜಗಳ ಆಡೋದು ಹೇಗೆ

ರಾಕ್‌ನಲ್ಲಿ ಎಲ್ರಿಗಿಂತ ದೊಡ್ಡ ಗಿಟಾರಿಸ್ಟ್ ಯಾರು ಅನ್ನೋ ವಾದ ಯಾವಾಗ್ಲೂ ಐದೇ ನಿಮಿಷಕ್ಕೆ ಸತ್ತೋಗತ್ತೆ. ಯಾರೋ ಒಬ್ರು "ಹೆಂಡ್ರಿಕ್ಸ್, ಅಷ್ಟೇ, ಮುಗೀತು" ಅಂತಾರೆ, ಉಳಿದೋರು ತಲೆ ಆಡಿಸ್ತಾರೆ, ಆಮೇಲೆ ಮಾತು ಕ್ರಿಕೆಟ್ ಕಡೆ ತಿರುಗತ್ತೆ. ಅದಕ್ಕೇ ಮೊದಲ ಕೆಲಸ ಏನಂದ್ರೆ ಜಿಮಿ ಹೆಂಡ್ರಿಕ್ಸ್‌ನ ದೇವರ ಮನೇಲಿ ಕೂರಿಸ್ಬಿಡಿ, ನಂಬರ್ ಒನ್ ಅವನೇ ಅಂತ ಎಲ್ರೂ ಒಪ್ಕೊಂಡ್ಬಿಡಿ, ಜಗಳ ಏನಿದ್ರೂ ನಂಬರ್ ಟೂಗೆ. ಹಾಗಂತ ಯಾಕೆ ಅವನು ಅಲ್ಲಿದಾನೆ ಅಂತ ಗೊತ್ತಿಲ್ದೆ ಕೂರಿಸಿದ್ರೆ ಅದು ಬರೀ ಭಕ್ತಿ ಆಗತ್ತೆ. 1966ರ ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಬಂದಿಳಿದ, 1970ರ ಸೆಪ್ಟೆಂಬರ್‌ನಲ್ಲಿ 27ನೇ ವಯಸ್ಸಿಗೆ ಹೋಗ್ಬಿಟ್ಟ, ನಡುವೆ ಇದ್ದಿದ್ದು ನಾಲ್ಕೇ ವರ್ಷ, ಬದುಕಿದ್ದಾಗ ಬಂದ ಸ್ಟುಡಿಯೋ ಆಲ್ಬಂ ಮೂರೇ. ಆಂಪ್ (ಗಿಟಾರ್ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ) ಎದುರು ಗಿಟಾರ್ ಹಿಡಿದ್ರೆ ಕುಂಯ್ಯ್ ಅಂತ ಬರತ್ತಲ್ಲ ಫೀಡ್‌ಬ್ಯಾಕು, ಅದ್ರ ಜೊತೆ ಅವನಿಗಿಂತ ಮುಂಚೆ ದಿ ಹೂ ಬ್ಯಾಂಡಿನ ಪೀಟ್ ಟೌನ್‌ಷೆಂಡ್, ಜೆಫ್ ಬೆಕ್ ಎಲ್ಲ ಆಟ ಆಡಿದ್ರು ನಿಜ, ಆದ್ರೆ ಆ ಗದ್ದಲದೊಳಗೆ ಟ್ಯೂನ್ ಹಿಡಿದು ನಿಲ್ಲಿಸಿದ್ದು ಇವನು. 1969ರ ವುಡ್‌ಸ್ಟಾಕ್‌ನಲ್ಲಿ ಅಮೆರಿಕದ ರಾಷ್ಟ್ರಗೀತೆ ನುಡಿಸ್ತಾ ನುಡಿಸ್ತಾ ಮಧ್ಯದಲ್ಲೇ ಬಾಂಬು ಬೀಳೋ ಸದ್ದು, ಸೈರನ್ ಸದ್ದು ಎಲ್ಲ ಅದೇ ಆರು ತಂತಿಯಿಂದ ತೆಗೀತಾನೆ, ವಿಯೆಟ್ನಾಂ ಯುದ್ಧ ನಡೀತಿದ್ದ ಟೈಮು ಅದು. ಕೇಳಿಲ್ಲ ಅಂದ್ರೆ ಮೊದ್ಲು ಕೇಳ್ಕೊಂಡು ಬನ್ನಿ.

ಈಗ ನಂಬರ್ ಟೂ. ಹೆಸರು ಹೇಳೋಕೆ ಮುಂಚೆ ಯಾವ ಅಳತೆ ಅಂತ ಹೇಳಿ, ಇದನ್ನ ಮಾಡ್ದೆ ಇರೋದಕ್ಕೇ ಅರ್ಧ ಜಗಳ ಆಗೋದು. ಒಬ್ಬ ಯಂಗ್ವೀ ಮಾಲ್ಮ್‌ಸ್ಟೀನ್ ಅಂತಾನೆ, ಇನ್ನೊಬ್ಬ ಕೀತ್ ರಿಚರ್ಡ್ಸ್ ಅಂತಾನೆ, ಇಬ್ರೂ ಗಂಟಲು ಹರ್ಕೊತಾರೆ, ಆದ್ರೆ ಒಬ್ಬ ಅಳೀತಿರೋದು ಬೆರಳಿನ ಸ್ಪೀಡು, ಇನ್ನೊಬ್ಬ ಅಳೀತಿರೋದು ಹಾಡು. ರಿಚರ್ಡ್ಸ್ ಏನ್ ಮಾಡ್ದ ಅಂದ್ರೆ ಗಿಟಾರ್‌ನ ಓಪನ್ ಜಿ ಅನ್ನೋ ಟ್ಯೂನಿಂಗ್‌ಗೆ (ಎಲ್ಲೂ ಒತ್ತದೆ ಮೀಟಿದ್ರೂ ಜಿ ಕಾರ್ಡ್ ಬರೋ ಹಾಗೆ) ತಂದು, ದಪ್ಪ ತಂತಿ ಒಂದನ್ನ ಕಿತ್ತೇ ಹಾಕಿ, ಐದೇ ತಂತಿಲಿ ತನ್ನ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಎಷ್ಟೋ ದೊಡ್ಡ ದೊಡ್ಡ ರಿಫ್ (ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಹುಟ್ಟಿಸ್ದ. ಅವನ ಸೋಲೋ (ಹಾಡಿನ ನಡುವೆ ಗಿಟಾರೇ ಮುಂದೆ ಬರೋ ಭಾಗ) ಒಂದನ್ನ ಗುನುಗಿ ಅಂದ್ರೆ ಯಾರಿಗೂ ಬರಲ್ಲ, ರಿಫ್ ಅಂದ್ರೆ ಎಲ್ರಿಗೂ ಬರತ್ತೆ. ಇಂಥೋನನ್ನ ಸ್ಪೀಡಿನ ತಕ್ಕಡಿಗೆ ಹಾಕಿ ಸೋಲಿಸಿದ್ರೆ ನೀವು ಗೆದ್ದ ಹಾಗಲ್ಲ. (2003ರಲ್ಲಿ ಸ್ಟೋನ್ಸ್ ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಾಗ ಹೋಗಿದ್ದೋರು ಯಾರಾದ್ರೂ ಪಕ್ಕದಲ್ಲಿ ಕೂತಿದ್ರೆ ರಿಚರ್ಡ್ಸ್ ವಿಷ್ಯ ಎತ್ಲೇಬೇಡಿ, ರಾತ್ರಿಯೆಲ್ಲ ಅದೇ ಕಥೆ ಆಗತ್ತೆ.)

ನನ್ ಪ್ರಕಾರ ಬಲಗೈ ಕೆಲಸಕ್ಕೆ ಇನ್ನೂ ಜಾಸ್ತಿ ಮಾರ್ಕ್ಸ್ ಕೊಡ್ಬೇಕು. ಎಲ್ರೂ ಗಿಟಾರ್ ಕತ್ತಿನ ಮೇಲೆ ಓಡಾಡೋ ಬೆರಳನ್ನೇ ನೋಡ್ತಾರೆ, ತಂತಿ ಮೀಟೋ ಕೈ ಯಾರೂ ನೋಡಲ್ಲ. 2011ರ ಅಕ್ಟೋಬರ್ 30ಕ್ಕೆ ಅದೇ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಮೆಟಾಲಿಕಾ ಬ್ಯಾಂಡ್ ನೋಡಿದೋರನ್ನ ಕೇಳಿ, ಅದ್ರ ಜೇಮ್ಸ್ ಹೆಟ್‌ಫೀಲ್ಡ್ ಪಿಕ್‌ನ (ತಂತಿ ಮೀಟೋ ಚಿಕ್ಕ ಬಿಲ್ಲೆ) ಬರೀ ಕೆಳಮುಖವಾಗಿ ಹೊಡೀತಾ ಆ ಸ್ಪೀಡಲ್ಲಿ ಹಾಡಿಗೆ ಹಾಡು ಎಳೆಯೋದು ಅದೂ ಹಾಡ್ಕೊಂಡು, ಸುಮ್ನೆ ಒಂದು ಹಾಡು ಮನೇಲಿ ಟ್ರೈ ಮಾಡಿ ನೋಡಿ, ಮಣಿಕಟ್ಟು ಮಾತಾಡತ್ತೆ.

ಇನ್ನು ಲಿಸ್ಟ್ ತೋರ್ಸೋ ಜನ. ಫೋನ್ ತೆಗೆದು "ರೋಲಿಂಗ್ ಸ್ಟೋನ್ ಮ್ಯಾಗಜೀನ್‌ನಲ್ಲೇ ಬಂದಿದೆ ನೋಡು" ಅಂತಾರಲ್ಲ, ಅವರಿಗೆ ಒಳ್ಳೇ ಉತ್ತರ ಅದೇ ಮ್ಯಾಗಜೀನಲ್ಲಿದೆ. ಎಡ್ಡಿ ವ್ಯಾನ್ ಹೇಲನ್ 2003ರ ಲಿಸ್ಟಲ್ಲಿ 70ನೇ ಜಾಗ, 2011ರಲ್ಲಿ 8, 2023ರಲ್ಲಿ 4. ಅಷ್ಟರಲ್ಲಿ ಅವನೇನು ಹೊಸದಾಗಿ ಪ್ರಾಕ್ಟೀಸ್ ಮಾಡಿ ಮೇಲೆ ಬಂದ್ನಾ? 2020ರಲ್ಲಿ ತೀರ್ಕೊಂಡೇ ಬಿಟ್ಟಿದ್ದ. ಎರಿಕ್ ಕ್ಲಾಪ್ಟನ್ ಕಥೆ ಉಲ್ಟಾ, 2011ರಲ್ಲಿ 2ನೇ ಜಾಗದಲ್ಲಿದ್ದೋನು 2023ರ ಹೊತ್ತಿಗೆ ಮೂವತ್ತರಾಚೆ ಜಾರಿದ. ಇನ್ನೊಂದು, 2003ರ ನೂರು ಜನರಲ್ಲಿ ಹೆಣ್ಮಕ್ಕಳು ಇಬ್ರೇ, ಜೋನಿ ಮಿಚೆಲ್ ಮತ್ತೆ ಜೋನ್ ಜೆಟ್. 1940ರ ದಶಕದಲ್ಲೇ ಚರ್ಚ್ ಹಾಡುಗಳನ್ನ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿ ಕುಣಿಸ್ತಿದ್ದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಅದ್ರಲ್ಲಿ ಇರ್ಲೇ ಇಲ್ಲ, 2023ರಲ್ಲಿ ಸೀದಾ 6. ಲಿಸ್ಟು ನೋಡಿ ಲಿಸ್ಟ್ ಮಾಡಿದೋರ ಬಗ್ಗೆ ತಿಳ್ಕೊಬೋದು, ಗಿಟಾರಿಸ್ಟ್ ಬಗ್ಗೆ ಅಷ್ಟಕ್ಕಷ್ಟೇ.

"ಇದನ್ನ ಮೊದ್ಲು ಮಾಡಿದ್ದೇ ಅವನು" ಅಂತ ಮಾತ್ರ ಬಾಯ್ತಪ್ಪಿಯೂ ಹೇಳ್ಬೇಡಿ, ಎದುರಿಗಿರೋನು ಸ್ವಲ್ಪ ಓದ್ಕೊಂಡೋನಾದ್ರೆ ಅಲ್ಲೇ ನೀವು ಔಟ್. ಎರಡೂ ಕೈಲಿ ತಂತಿ ಕುಟ್ಟೋ ಟ್ಯಾಪಿಂಗ್ ವ್ಯಾನ್ ಹೇಲನ್ ಕಂಡುಹಿಡಿದಿದ್ದು ಅಂದ್ರೆ, ಜೆನೆಸಿಸ್ ಬ್ಯಾಂಡಿನ ಸ್ಟೀವ್ ಹ್ಯಾಕೆಟ್ 1971ರಲ್ಲೇ ಮಾಡಿದಾನೆ ಅಂತ ತೋರಿಸ್ತಾರೆ. ಚಕ್ ಬೆರ್ರಿಯ 1958ರ ಜಾನಿ ಬಿ. ಗುಡ್ ಹಾಡಿನ ಆ ಫೇಮಸ್ ಶುರುವಾತು ಅವನದ್ದೇ ಅಂದ್ರೆ, ಲೂಯಿ ಜೋರ್ಡನ್ ಬ್ಯಾಂಡಲ್ಲಿ ಕಾರ್ಲ್ ಹೋಗನ್ ಅನ್ನೋನು 1946ರಲ್ಲೇ ಹೆಚ್ಚುಕಮ್ಮಿ ಅದನ್ನೇ ನುಡಿಸಿರೋದನ್ನ ಹಾಕಿ ಕೇಳಿಸ್ತಾರೆ. ಬದಲಿಗೆ "ಅವನಾದ್ಮೇಲೆ ಎಲ್ರೂ ಅದನ್ನೇ ಮಾಡಿದ್ರು" ಅನ್ನಿ. ಇದಕ್ಕೆ ಎದುರು ಹೇಳೋದು ಕಷ್ಟ. ವ್ಯಾನ್ ಹೇಲನ್‌ನ 1978ರ ಟ್ಯಾಪಿಂಗ್ ಸೋಲೋ ಎರಪ್ಶನ್ ಇರೋದು 1 ನಿಮಿಷ 42 ಸೆಕೆಂಡು, ಸ್ಟುಡಿಯೋದಲ್ಲಿ ಕೈ ಬಿಸಿ ಮಾಡ್ಕೊಳ್ಳೋಕೆ ನುಡಿಸ್ತಿದ್ದಿದ್ದನ್ನ ಪ್ರೊಡ್ಯೂಸರ್ ಕೇಳಿಸ್ಕೊಂಡು ರೆಕಾರ್ಡ್ ಮಾಡ್ಸಿದ್ದು. ಅದಾದ್ಮೇಲೆ ಹತ್ತು ವರ್ಷ ಅಮೆರಿಕದಲ್ಲಿ ಗಿಟಾರ್ ಹಿಡಿದ ಹುಡುಗ್ರೆಲ್ಲ ಅದೇ ಕುಟ್ಟಾಟ.

ನಿಮ್ ಕೈಲಿರೋ ಅತ್ಯಂತ ಗಟ್ಟಿ ಅಸ್ತ್ರ ಅಂದ್ರೆ "ಇವನೊಬ್ಬ ಇಲ್ದಿದ್ರೆ ಏನಾಗ್ತಿತ್ತು" ಅನ್ನೋ ಪ್ರಶ್ನೆ. ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ಟೋನಿ ಅಯೋಮಿನ ಹಾಕಿ ನೋಡಿ. ಬರ್ಮಿಂಗ್‌ಹ್ಯಾಮ್‌ನ ಹುಡುಗ, ತಗಡಿನ ಫ್ಯಾಕ್ಟರಿಲಿ ಕೆಲಸದ ಕೊನೇ ದಿನ ಮಿಷನ್‌ಗೆ ಬಲಗೈ ಸಿಕ್ಕಿ ಎರಡು ಬೆರಳಿನ ತುದಿ ಹೋಯ್ತು. ಅವನು ಎಡಚ, ಅಂದ್ರೆ ಹೋಗಿದ್ದು ತಂತಿ ಒತ್ತೋ ಕೈಯೇ. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು, ಅದ್ರ ಮೇಲೆ ಚರ್ಮದ ತುಂಡು ಅಂಟಿಸಿ, ಒತ್ತೋಕೆ ಸುಲಭ ಆಗ್ಲಿ ಅಂತ ತೆಳು ತಂತಿ ಹಾಕ್ಕೊಂಡು ಮತ್ತೆ ಶುರು ಮಾಡ್ದ. ಆಮೇಲೆ 1971ರ ಮಾಸ್ಟರ್ ಆಫ್ ರಿಯಾಲಿಟಿ ಆಲ್ಬಂನಲ್ಲಿ ಗಿಟಾರ್‌ನ ಶ್ರುತಿ ಮೂರು ಸೆಮಿಟೋನ್ (ಅರ್ಧ ಸ್ವರ) ಕೆಳಗಿಳಿಸಿದ, ತಂತಿ ಸಡಿಲ ಆಯ್ತು, ಸದ್ದು ಭಾರ ಆಯ್ತು. ಇಲ್ಲೊಂದು ಹುಷಾರ್, ಬ್ಲ್ಯಾಕ್ ಸಬ್ಬಾತ್‌ನ ಮೊದಲನೇ ಆಲ್ಬಂ ಮಾಮೂಲಿ ಟ್ಯೂನಿಂಗಲ್ಲೇ ಇರೋದು, "ಬೆರಳು ಹೋಗಿದ್ದಕ್ಕೇ ಮೊದಲ ದಿನದಿಂದ ಡೌನ್‌ಟ್ಯೂನ್" ಅಂತ ಕಥೆ ಕಟ್ಟಿದ್ರೆ ಸಿಕ್ಕಿಹಾಕ್ಕೊತೀರಿ. ಆದ್ರೆ ಅಯೋಮಿ ಇಲ್ದೆ ಹೆವಿ ಮೆಟಲ್ ಈಗಿರೋ ಹಾಗೆ ಇರ್ತಿತ್ತು ಅಂತ ವಾದ ಮಾಡೋ ಧೈರ್ಯ ಇರೋನು ಒಬ್ಬನೂ ಸಿಗಲ್ಲ.

"ಫೀಲ್" ಅನ್ನೋ ಮಾತು ಬಂದ ತಕ್ಷಣ ಯಾವ ಹಾಡು, ಯಾವ ಜಾಗ ಅಂತ ಕೇಳಿ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಫ್ಯಾನ್ಸ್ ಯಾವಾಗ್ಲೂ 1979ರ ಕಂಫರ್ಟಬ್ಲಿ ನಂಬ್ ಕೊನೇ ಸೋಲೋ ಹಾಕಿ ಕಣ್ಮುಚ್ಚಿ ಕೂತ್ಬಿಡ್ತಾರೆ, "ಒಂದೇ ಓಟದಲ್ಲಿ ಹೃದಯದಿಂದ ಬಂದಿದ್ದು" ಅಂತಾರೆ. ನಿಜ ಏನಂದ್ರೆ ಅವನು ಐದಾರು ಸೋಲೋ ರೆಕಾರ್ಡ್ ಮಾಡಿ, ಒಂದೊಂದ್ರಲ್ಲಿ ಚೆನ್ನಾಗಿರೋ ತುಂಡು ಆರಿಸಿ ಜೋಡಿಸಿದ್ದು. ಇದ್ರಿಂದ ಗಿಲ್ಮೋರ್ ಚಿಕ್ಕೋನಾಗಲ್ಲ, ನನಗಂತೂ ದೊಡ್ಡೋನೇ ಆದ, ಯಾವ್ದನ್ನ ಇಟ್ಕೊಬೇಕು ಯಾವ್ದನ್ನ ಎಸೀಬೇಕು ಅಂತ ಗೊತ್ತಿರೋದೂ ವಿದ್ಯೆನೇ ತಾನೆ.

ಇಷ್ಟೆಲ್ಲ ಹೇಳಿ ನನ್ ಹೆಸರು ಹೇಳ್ದಿದ್ರೆ ಮೋಸ ಆಗತ್ತೆ. ನನ್ನ ನಂಬರ್ ಟೂ ಜೆಫ್ ಬೆಕ್. ಸಾಕ್ಷಿ ಒಂದೇ ಒಂದು, 2007ರಲ್ಲಿ ಲಂಡನ್‌ನ ರಾನಿ ಸ್ಕಾಟ್ಸ್ ಕ್ಲಬ್ಬಲ್ಲಿ ರೆಕಾರ್ಡ್ ಆದ ಶೋ, ಅದ್ರಲ್ಲಿ ನಾದಿಯಾ ಅನ್ನೋದನ್ನ ಹಾಕಿ. ಅದು ಮೂಲದಲ್ಲಿ ನಿತಿನ್ ಸಾಹ್ನಿ ಮಾಡಿರೋ ಟ್ಯೂನು, ಹೆಣ್ಣು ದನಿ, ಹಿಂದೂಸ್ತಾನಿ ಶೈಲಿಯ ಹಾಡುಗಾರಿಕೆ. ಆ ಗಂಟಲಿನ ಒಂದೊಂದು ಎಳೆತ, ಒಂದೊಂದು ಜಾರು ಗಿಟಾರಲ್ಲಿ ಬರತ್ತೆ. ಕೈ ನೋಡಿ, ಪಿಕ್ ಇಲ್ಲ, ಹೆಬ್ಬೆರಳಲ್ಲಿ ಮೀಟ್ತಾನೆ, ವ್ಯಾಮಿ ಬಾರ್ (ಒತ್ತಿದ್ರೆ ಸ್ವರ ಬಗ್ಗಿಸೋ ಕಡ್ಡಿ) ಅಂಗೈ ಒಳಗೇ ಇರತ್ತೆ, ಕಿರುಬೆರಳು ವಾಲ್ಯೂಮ್ ನಾಬ್ ಹತ್ರ. ವಾಲ್ಯೂಮ್ ಸೊನ್ನೆ ಮಾಡಿ ಮೀಟಿ ಆಮೇಲೆ ಏರಿಸಿದ್ರೆ ತಂತಿಗೆ ಬೆರಳು ಬಡಿದಿದ್ದೇ ಕೇಳಲ್ಲ, ಸ್ವರ ಎಲ್ಲಿಂದ್ಲೋ ತೇಲ್ಕೊಂಡು ಬಂದ ಹಾಗಿರತ್ತೆ, ಆಮೇಲೆ ಬಾರ್ ಒಂಚೂರು ಒತ್ತಿ ಬಿಟ್ಟು ಸ್ವರದಿಂದ ಸ್ವರಕ್ಕೆ ಜಾರಿಸ್ತಾನೆ. ಗಮಕ ಕೇಳಿ ಬೆಳೆದ ಕಿವಿಗೆ ಇದನ್ನ ವಿವರಿಸ್ಲೇ ಬೇಕಾಗಿಲ್ಲ, ರಾಕ್ ಅಂದ್ರೆ ಗಲಾಟೆ ಅನ್ನೋ ನಿಮ್ಮ ಸಂಗೀತದ ಅತ್ತೆಗೂ ಹಾಕಿ ತೋರಿಸ್ಬೋದು.

ಇದಕ್ಕೆ ಎದುರು ವಾದ ಏನು ಬರತ್ತೆ ಅಂತ ನನಗೆ ಗೊತ್ತು, ನೀವೂ ರೆಡಿ ಇಟ್ಕೊಂಡಿರಿ. ಬೆಕ್ ಹಾಡು ಬರೆದಿದ್ದು ಕಮ್ಮಿ, ಬ್ಯಾಂಡ್ ಕಟ್ಟಿ ಹೆಚ್ಚು ದಿನ ಉಳಿಸ್ಕೊಂಡಿದ್ದೇ ಇಲ್ಲ. ಜಿಮ್ಮಿ ಪೇಜ್ ಲೈವಲ್ಲಿ ಎಷ್ಟೇ ತಪ್ಪು ನುಡಿಸಿದ್ರೂ ಲೆಡ್ ಜೆಪ್ಪೆಲಿನ್ ಕಟ್ದ, ಆಲ್ಬಂಗಳನ್ನ ತಾನೇ ಪ್ರೊಡ್ಯೂಸ್ ಮಾಡ್ದ, ಒಂದು ಹಾಡಿಗೆ ಗಿಟಾರ್ ಮೇಲೆ ಗಿಟಾರ್ ಹೇಗೆ ಪೇರಿಸ್ಬೇಕು ಅಂತ ತೋರಿಸ್ಕೊಟ್ಟ. ಅಳತೆ ಹಾಡು ಅಂದ್ರೆ ಪೇಜ್ ಗೆಲ್ತಾನೆ, ಒಪ್ಕೊತೀನಿ. ಅಳತೆ ಎರಡು ಕೈ ಒಂದು ಗಿಟಾರ್ ಅಂದ್ರೆ ಬೆಕ್. ಅಂದ ಹಾಗೆ ಜೆಪ್ಪೆಲಿನ್‌ನ ಸ್ಟೇರ್‌ವೇ ಟು ಹೆವನ್ ಹಾಡಿನ ಸೋಲೋ ಸ್ಟುಡಿಯೋದಲ್ಲಿ ನುಡಿಸಿದ್ದು ಪೋಸ್ಟರಲ್ಲಿರೋ ಆ ಎರಡು ಕತ್ತಿನ ಗಿಟಾರಲ್ಲ, ಒಂದು ಟೆಲಿಕಾಸ್ಟರ್ ಅನ್ನೋ ಮಾಮೂಲಿ ಗಿಟಾರ್, ಅದನ್ನ ಪೇಜ್‌ಗೆ ಕೊಟ್ಟಿದ್ದೇ ಜೆಫ್ ಬೆಕ್. ಇದು ಸಾಕ್ಷಿ ಏನಲ್ಲ, ಆದ್ರೂ ಹೇಳೋಕೆ ಮಜಾ.

ಉಳಿದಿದ್ದು ಚಿಲ್ರೆ ವಿಷ್ಯ. ಫೋನ್ ಸ್ಪೀಕರಲ್ಲಿ ಹಾಡು ಹಾಕಿ ಟೋನ್ ಬಗ್ಗೆ ಮಾತಾಡ್ಬೇಡಿ, ಮನೇಲಿರೋ ಒಳ್ಳೇ ಸ್ಪೀಕರೋ ಹೆಡ್‌ಫೋನೋ ತನ್ನಿ. "ನೀನು ನುಡಿಸು ನೋಡೋಣ" ಅನ್ನೋದು ವಾದ ಅಲ್ಲ, ಸಾರು ಚೆನ್ನಾಗಿಲ್ಲ ಅನ್ನೋಕೆ ಅಡುಗೆ ಭಟ್ಟ ಆಗ್ಬೇಕಿಲ್ಲ. ಯಾರಾದ್ರೂ 2004ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ಪ್ರಿನ್ಸ್ ನುಡಿಸಿದ ಸೋಲೋ ವಿಡಿಯೋ ಹಾಕಿದ್ರೆ ಅದು ಮುಗಿಯೋವರೆಗೂ ಸುಮ್ನಿರಿ, ಅದಕ್ಕೆ ಎದುರು ಮಾತಾಡಿ ಯಾರೂ ಉದ್ಧಾರ ಆಗಿಲ್ಲ. ಮತ್ತೆ ಕ್ಲಾಪ್ಟನ್ ಫ್ಯಾನ್ ಒಬ್ಬ ಇದ್ದೇ ಇರ್ತಾನೆ, ಕ್ಲಾಪ್ಟನ್‌ನ 1970ರ ಹಾಡು ಲೇಲಾ ಹಾಕೇ ಹಾಕ್ತಾನೆ. ಅದ್ರಲ್ಲಿ ಮೈ ಜುಮ್ಮೆನ್ನಿಸೋ ಆ ಸ್ಲೈಡ್ (ತಂತಿ ಮೇಲೆ ಕೊಳವೆ ಜಾರಿಸಿ ನುಡಿಸೋದು) ನುಡಿಸಿರೋದು ಡುವೇನ್ ಆಲ್ಮನ್ ಅಂತ ಅವನಿಗೆ ಹೇಳಿ, ಆದ್ರೆ ಬಿಲ್ ಕೊಟ್ಟಾದ್ಮೇಲೆ ಹೇಳಿ, ಮುಂಚೆನೇ ಹೇಳಿದ್ರೆ ಅವನ ಪಾಲು ಕೊಡ್ದೆ ಎದ್ದೋಗ್ತಾನೆ.