ಅಂಗ್ಕೋರ್‌ನಲ್ಲಿ ಏಳು ಬೆಳಗು: ದೇಗುಲವೂ ಊಟವೂ ಕೂಡಿಬಂದ ಬಗೆ

ಅಂಗ್ಕೋರ್ ದೇಗುಲಗಳಿಗೆ ಹತ್ತಿರದ ಊರಾದ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ನಾನು ಹೋದದ್ದು ಮೂರು ಸಲ. ಮೊದಲೆರಡು ಸಲ ದೇಗುಲ ದಕ್ಕಿದಾಗ ಊಟ ಕೆಟ್ಟಿತು, ಊಟ ಹುಡುಕಿ ಹೋದಾಗ ದೇಗುಲ ತಪ್ಪಿತು. ಮೂರನೆಯ ಸಲ ಏಳು ದಿನ ಅಲ್ಲೇ ಇರುತ್ತೇನೆಂದಾಗ, ಪ್ರವಾಸದಲ್ಲಿ ನನಗಿಂತ ಪಳಗಿದ ಗೆಳೆಯರು ‘ಮೂರನೆಯ ದಿನಕ್ಕೇ ಕಲ್ಲು ನೋಡಿ ಸಾಕಾಗುತ್ತದೆ, ಊಟಕ್ಕಂತೂ ಪರದಾಡುತ್ತೀರಿ’ ಎಂದು ನಕ್ಕಿದ್ದರು. ಎರಡೂ ಆಗಲಿಲ್ಲ ಎಂಬುದನ್ನು ಅವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಗುಂಪಿನೊಂದಿಗೆ ಹೋಗಿ ಎರಡು ದಿನದಲ್ಲಿ ಹನ್ನೊಂದು ದೇಗುಲ ನೋಡಿದೆ. ಈಗ ನೆನಪಿರುವುದು ಬಸ್ಸಿನ ಮೆಟ್ಟಿಲು ಮತ್ತು ಯಾವ ದೇಶದ್ದೆಂದು ಹೇಳಲಾಗದ ಮಧ್ಯಾಹ್ನದ ಬಫೆ ಮಾತ್ರ. ಎರಡನೆಯ ಸಲ ಒಬ್ಬನೇ ಹೋಗಿ ದೇಗುಲಗಳ ಪ್ರವೇಶಕ್ಕೆ 62 ಡಾಲರಿನ ಮೂರು ದಿನದ ಪಾಸು ಕೊಂಡೆ. ಎರಡನೆಯ ರಾತ್ರಿ ಪೇಟೆಯ ಬೀದಿಯಲ್ಲಿ ಕಂಡದ್ದನ್ನೆಲ್ಲ ತಿಂದು, ಮೂರನೆಯ ದಿನ ಇಡೀ ಕೋಣೆಯಲ್ಲೇ ಮಲಗಿದೆ. ಆ ಪಾಸು ಹತ್ತು ದಿನದೊಳಗೆ ಯಾವ ಮೂರು ದಿನಕ್ಕಾದರೂ ನಡೆಯುತ್ತದೆ, ನಿಜ. ಆದರೆ ನನ್ನ ವಿಮಾನ ಮರುದಿನವೇ ಇತ್ತು. ಇದರ ಮೇಲೆ, ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಹರಿದಿದ್ದ ನನ್ನ 20 ಡಾಲರ್ ನೋಟನ್ನು ಯಾರೂ ಮುಟ್ಟಲಿಲ್ಲ. ಅಲ್ಲಿ ಡಾಲರ್ ನಡೆಯುತ್ತದೆ, ಹರಿದ ಡಾಲರ್ ನಡೆಯುವುದಿಲ್ಲ.

ತಪ್ಪು ಎಲ್ಲಾಯಿತೆಂಬುದು ಹಾಸಿಗೆಯಲ್ಲಿ ಬಿದ್ದಿದ್ದಾಗ ಹೊಳೆಯಿತು. 1296ರಲ್ಲಿ ಇಲ್ಲಿಗೆ ಬಂದು ಸುಮಾರು ಒಂದು ವರ್ಷ ನಿಂತ ಚೀನೀ ರಾಯಭಾರ ತಂಡದ ಝೌ ದಾಗುವಾನ್, ವ್ಯಾಪಾರ ಮಾಡುವವರೆಲ್ಲ ಹೆಂಗಸರೆಂದೂ, ಸಂತೆ ಬೆಳಗ್ಗೆ ನೆರೆದು ಮಧ್ಯಾಹ್ನಕ್ಕೆ ಮುಗಿಯುತ್ತದೆಂದೂ ಬರೆದಿಟ್ಟಿದ್ದಾನೆ. ನಾನು ಕಂಡಂತೆ ಇಲ್ಲಿನ ಜನರಾದ ಖ್ಮೇರರ ಒಳ್ಳೆಯ ತಿಂಡಿ ಇಂದಿಗೂ ಬೆಳಗಿನದೇ. ನಾವು ಬೆಳಗನ್ನೆಲ್ಲ ದೇಗುಲಕ್ಕೆ ಕೊಟ್ಟು, ರಾತ್ರಿ ಆ ತಿಂಡಿಯನ್ನು ಹುಡುಕುತ್ತೇವೆ. ಆಗ ಸಿಗುವುದು ನಮ್ಮಂಥವರಿಗಾಗಿ ಮಾಡಿದ್ದು.

ಆದ್ದರಿಂದ ಮೂರನೆಯ ಸಲ ದಿನಕ್ಕೊಂದೇ ದೊಡ್ಡ ದೇಗುಲ, ಒಂದೇ ಗಟ್ಟಿ ಊಟ, ಎರಡೂ ಬಿಸಿಲೇರುವ ಮೊದಲು ಎಂದು ಗೊತ್ತುಮಾಡಿಕೊಂಡೆ. ಏಳು ದಿನದ ಪಾಸಿಗೆ 72 ಡಾಲರ್, ಮೂರು ದಿನದ್ದಕ್ಕಿಂತ ಹತ್ತೇ ಹೆಚ್ಚು, ತಿಂಗಳೊಳಗೆ ಬಿಡಿಬಿಡಿಯಾಗಿ ಬಳಸಬಹುದು. ಇಷ್ಟು ಅಗ್ಗದ ಹತ್ತು ಡಾಲರನ್ನು ನಾನು ಬೇರೆಲ್ಲೂ ಖರ್ಚು ಮಾಡಿಲ್ಲ.

ಅಂಗ್ಕೋರ್ ವಾಟ್ ಬೆಳಗಿನ ಐದಕ್ಕೇ ತೆರೆಯುತ್ತದೆ, ಮತ್ತು ಬಂದವರೆಲ್ಲ ಪಶ್ಚಿಮದ ಕೊಳದ ದಂಡೆಯಲ್ಲಿ ಸೂರ್ಯೋದಯದ ಚಿತ್ರಕ್ಕಾಗಿ ಜಮಾಯಿಸುತ್ತಾರೆ. ನಾನು ಅವರ ಬೆನ್ನ ಹಿಂದಿನಿಂದ ಹಾದು ಪೂರ್ವದ ಮೊಗಸಾಲೆಗೆ ಹೋದೆ. ಸೂರ್ಯ ಮೇಲೇರಿದ ಹಾಗೆ ಎಳೆಬಿಸಿಲು ಕಂಬಗಳ ನಡುವೆ ನುಸುಳಿ, ಐವತ್ತು ಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಸಮುದ್ರಮಥನದ ಕೆತ್ತನೆಯ ಮೇಲೆ ಬಿತ್ತು. ವಾಸುಕಿಯನ್ನು ಹಿಡಿದ ಅಸುರರ ಸಾಲಿನ ಮುಂದೆ ಮುಕ್ಕಾಲು ಗಂಟೆ ನಾನೊಬ್ಬನೇ ಇದ್ದೆ.

ಬಾಂತೇ ಸ್ರೇಯ್‌ಗೆ ಹೋದ ದಿನವೇ ಊಟದ ಲೆಕ್ಕ ಕೂಡಿಬಂದದ್ದು. 967ರ ಆ ಚಿಕ್ಕ ಕೆಂಗಲ್ಲ ದೇಗುಲವನ್ನು ಬಾಗಿಲು ತೆರೆಯುವ ಏಳೂವರೆಗೇ ನೋಡಿ, ಹಿಂತಿರುಗುವಾಗ ಒಂಬತ್ತೂವರೆಯ ಹೊತ್ತಿಗೆ ಪ್ರೇಹ್ ದಾಕ್ ಹಳ್ಳಿಯಲ್ಲಿ ಇಳಿದೆ. ಅಲ್ಲಿನ ನುಮ್ ಬಾನ್ ಚೋಕ್ ನಮ್ಮ ಒತ್ತುಶ್ಯಾವಿಗೆಯ ದಾಯಾದಿ. ತುಸು ಹುಳಿ ಬಂದ ಅಕ್ಕಿಹಿಟ್ಟಿನ ಮುದ್ದೆಯನ್ನು ಅರೆ ಬೇಯಿಸಿ, ಕುಟ್ಟಿ, ನಾದಿ, ತೂತಿನ ತಳದ ಡಬ್ಬಿಯಿಂದ ಕುದಿಯುವ ನೀರಿಗೇ ನೇರ ಒತ್ತುತ್ತಾರೆ. ಎಳೆ ತೇಲಿದೊಡನೆ ಎತ್ತಿ ತಣ್ಣೀರಿಗೆ ಹಾಕಿ, ಕೈಯಲ್ಲೇ ಸುರುಳಿ ಸುತ್ತಿ ಬಾಳೆಲೆ ಹಾಸಿದ ಬುಟ್ಟಿಯಲ್ಲಿಡುತ್ತಾರೆ. ಮೇಲೆ ಮಜ್ಜಿಗೆಹುಲ್ಲು, ಅರಿಸಿನ, ತೆಂಗಿನಹಾಲು, ಮೀನು ಸೇರಿದ ಹಸಿರು ಸಾರು, ಹೆಚ್ಚಿದ ಬಾಳೆಹೂವು, ಸೌತೆ. ಒಂದು ಬಟ್ಟಲಿಗೆ ಸುಮಾರು ಐದು ಸಾವಿರ ರಿಯಲ್, ಎಂದರೆ ಒಂದೂಕಾಲು ಡಾಲರ್. ನಾನು ಮಾಂಸ ತಿನ್ನದಿದ್ದರೂ ಮೀನಿಗೆ ಅಡ್ಡಿಯಿಲ್ಲ, ಹಾಗಾಗಿ ನಡೆಯಿತು. ಶುದ್ಧ ಸಸ್ಯಾಹಾರಿಗಳು ಪ್ರಹೋಕ್ ಎಂಬ ಹುಳಿಬರಿಸಿದ ಮೀನಿನ ಮುದ್ದೆ ಹಲವು ಅಡುಗೆಗಳಲ್ಲಿ ಅಡಗಿರುತ್ತದೆಂಬುದನ್ನು ಮರೆಯಬಾರದು. ಯಾವ ಅಂಗಡಿ ಎಂದು ಮಾತ್ರ ಕೇಳಬೇಡಿ. ಆ ತಾಯಿಯ ಬಳಿ ಇರುವುದು ಎಂಟೇ ಸ್ಟೂಲು.

ಅದೇ ಹಳ್ಳಿಯಲ್ಲಿ ತಾಳೆಯ ನೀರಾವನ್ನು ಬಾಣಲೆಯಲ್ಲಿ ಕುದಿಸಿ, ತಾಳೆಗರಿಯ ಬಳೆಗಳಿಗೆ ಹೊಯ್ದು ಬೆಲ್ಲದ ಬಿಲ್ಲೆ ಮಾಡುತ್ತಾರೆ. ಕರಗುತ್ತದೋ ಇಲ್ಲವೋ ನೋಡೋಣವೆಂದು ಎರಡು ಕಿಲೋ ಕೊಂಡು ಚೀಲದಲ್ಲಿಟ್ಟೆ. ಕರಗಿತು, ಎರಡು ಅಂಗಿ ಹಾಳಾದವು, ಆದರೆ ಉಳಿದ ದಿನಗಳಲ್ಲಿ ಕರಿಕಾಫಿಗೆ ಅದನ್ನೇ ಕೆರೆದು ಹಾಕಿಕೊಂಡೆ.

ಇನ್ನೊಂದು ಪ್ರಯೋಗ ಬಯೋನ್ ದೇಗುಲದ್ದು. ಅದರ ಹೊರ ಮೊಗಸಾಲೆಯ ದಕ್ಷಿಣ ಗೋಡೆಯಲ್ಲಿ, ನೌಕಾಯುದ್ಧದ ಕೆಳಗೆ, ಸಂತೆ ಮತ್ತು ಅಡುಗೆಮನೆ ಕೆತ್ತಲ್ಪಟ್ಟಿವೆ: ಕಡ್ಡಿಗೆ ಸಿಕ್ಕಿಸಿ ಸುಡುವವರು, ಕೊಪ್ಪರಿಗೆಗೆ ಹಂದಿ ಇಳಿಸುವವರು, ಮೀನು, ಕೋಳಿಕಾಳಗ. ಅವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಬೆಳಗಿನ ಸಂತೆಯಲ್ಲಿ ಹುಡುಕುತ್ತ ಹೋದೆ. ಸೀಳಿದ ಬಿದಿರ ಕಡ್ಡಿಯ ನಡುವೆ ಹೊಳೆಮೀನನ್ನು ಬಿಗಿದು ಕೆಂಡದ ಮೇಲೆ ಸುಡುತ್ತಿದ್ದವಳ ಮುಂದೆ ನಿಂತಾಗ, ಗೋಡೆಯನ್ನು ನೋಡಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಮೆಣಸು, ನಿಂಬೆರಸ ಹಚ್ಚಿ ತಿಂದೆ. ಹಂದಿಯ ಪಾಲನ್ನು ಟುಕ್‌ಟುಕ್ ಚಾಲಕನಿಗೆ ಬಿಟ್ಟುಕೊಟ್ಟೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಪಾಸು ಬಿಟ್ಟು ಏಳು ದಿನದ ಟುಕ್‌ಟುಕ್‌ಗೆ ನೂರಿಪ್ಪತ್ತು ಡಾಲರಿನ ಆಸುಪಾಸು, ಊಟಕ್ಕೆ ಐವತ್ತೂ ದಾಟಲಿಲ್ಲ. ಮಧ್ಯಾಹ್ನವೆಲ್ಲ ನಿದ್ದೆ ಮಾಡಿದೆ. ಗಾಡಿ ಅರ್ಧ ದಿನಕ್ಕಷ್ಟೇ ಬೇಕಾದ್ದರಿಂದ, ಟುಕ್‌ಟುಕ್ ದರವನ್ನು ಇಳಿಸಿದ್ದು ಈ ನಿದ್ದೆಯೇ.

ಆರನೆಯ ದಿನ ಅಂಗ್ಕೋರ್ ವಾಟ್‌ನ ಮೇಲಿನ ಅಂತಸ್ತಾದ ಬಾಕಾನ್ ಹತ್ತಲೆಂದು ಹೋದರೆ, ಬೌದ್ಧರ ಪುಣ್ಯದಿನವೆಂದು ಮುಚ್ಚಿತ್ತು. ಮೆಟ್ಟಿಲ ಬುಡದಲ್ಲಿ ಒಂದು ಗುಂಪು ತಮ್ಮ ಮಾರ್ಗದರ್ಶಿಯೊಂದಿಗೆ ಜಗಳಕ್ಕೆ ನಿಂತಿತ್ತು; ಸಂಜೆಯ ವಿಮಾನವಂತೆ. ನಾನು ಶ್ಯಾವಿಗೆ ತಿನ್ನಲು ಹೋದೆ, ಮರುದಿನ ಬೆಳಗ್ಗೆ ಬಂದು ಹತ್ತಿದೆ.