ಕೊನೆಗಾಲದ ಚಿಕಿತ್ಸೆ: ನಿಮ್ಮ ಇಷ್ಟ ಬರೆದಿಡುವುದು ಹೇಗೆ?

ಗುಬ್ಬಿಯ ನಮ್ಮ ದೊಡ್ಡಮ್ಮ ಕೊನೆಯ ಹನ್ನೊಂದು ದಿನ ಐಸಿಯುನಲ್ಲಿದ್ದರು. ಗಂಟಲಿನ ಪೈಪು ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚದ ಸರಳಿಗೆ ಕಟ್ಟಿದ್ದರು. ಬಳೆ ತೆಗೆದ ಜಾಗ ಬೆಳ್ಳಗೆ ಕಾಣುತ್ತಿತ್ತು. "ಮುಂದುವರಿಸೋದಾ, ಸಾಕಾ?" ಎಂದು ಡಾಕ್ಟರ್ ಕೇಳಿದಾಗ ಮೂವರು ಮಕ್ಕಳೂ ಮುಖ ಮುಖ ನೋಡಿಕೊಂಡರು. ಅಮ್ಮನಿಗೆ ಏನು ಬೇಕಿತ್ತು ಅಂತ ಯಾರೂ ಕೇಳಿರಲಿಲ್ಲ.

ಸಾಯಲೆಂದೇ ಇಂಜೆಕ್ಷನ್ ಕೊಡುವುದಕ್ಕೆ ನೆದರ್ಲೆಂಡ್ಸ್, ಕೆನಡಾದಲ್ಲಿ ಕಾನೂನಿದೆ. ನಮ್ಮಲ್ಲಿ ಅದು ಅಪರಾಧ. ಆದರೆ ವಾಸಿಯಾಗುವ ದಾರಿಯೇ ಇಲ್ಲದಾಗ ವೆಂಟಿಲೇಟರ್‌ನಂಥದ್ದು ಬೇಡ ಎಂದು ಮುಂಚೆಯೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ನಿಯಮ ಸಡಿಲಿಸಿತು. ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು.

ಮೊದಲ ಕೆಲಸ ಕಾಗದವಲ್ಲ, ಮಾತು. ಹಿರಿಯರ ಹತ್ತಿರ ಒಬ್ಬರೇ ಕೂತು ಕೇಳಿ. ಸೊಸೆ, ಅಳಿಯ, ಮೊಮ್ಮಕ್ಕಳು ಸುತ್ತ ನಿಂತಿದ್ದರೆ ಬಾಯಿಗೆ ಬರುವುದೇ ಬೇರೆ. "ನನಗೋಸ್ಕರ ತೋಟ ಅಡ ಇಡಬೇಡಿ" ಅಂದರೆ ಅದು ಆಸ್ಪತ್ರೆ ಬಿಲ್ಲಿನ ಭಯ, ಅವರ ಇಷ್ಟವಲ್ಲ. ಅವತ್ತು ಸಹಿ ಹಾಕಿಸಬೇಡಿ. ಈ ಕಾಗದದ ಬಗ್ಗೆ ನನಗಿರುವ ದೊಡ್ಡ ಹೆದರಿಕೆಯೇ ಅದು: ಮನೆಗೆ ಭಾರವಾದೆ ಎನ್ನುವ ನೋವು ಸಹಿಯಾಗಿಬಿಡಬಾರದು. ದುಡ್ಡಿನ ಚಿಂತೆ ಇಲ್ಲದಿದ್ದರೆ ಏನು ಬೇಕು ಅಂತ ಇನ್ನೊಂದು ದಿನ ಕೇಳಿ.

ಆಮೇಲೆ ಬರವಣಿಗೆ. ಹದಿನೆಂಟು ತುಂಬಿ ಬುದ್ಧಿ ಸರಿಯಿರುವ ಯಾರಾದರೂ ಬರೆಯಬಹುದು. ಯಾವ ಚಿಕಿತ್ಸೆ ಬೇಡ, ಎಂಥ ಸ್ಥಿತಿಯಲ್ಲಿ ಬೇಡ ಎಂದು ಬಿಡಿಸಿ ಬರೆಯಿರಿ. ನೋವಿನ ಔಷಧಿ ನಿಲ್ಲಿಸಬೇಡಿ ಎಂಬ ಸಾಲು ತಪ್ಪದೆ ಇರಲಿ. ಮಾತಾಡಲಾಗದಾಗ ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರು ಬರೆಯಿರಿ, ಒಬ್ಬರಿಗಿಂತ ಜಾಸ್ತಿ ಇದ್ದರೂ ಸರಿ.

ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಒಂದೊಂದು ಪ್ರತಿ ಹೆಸರಿಸಿದವರಿಗೆ, ಮನೆ ಡಾಕ್ಟರಿಗೆ, ಪಂಚಾಯಿತಿಯಲ್ಲೋ ಪಾಲಿಕೆಯಲ್ಲೋ ಇದಕ್ಕೆ ನೇಮಿಸಿದ ಅಧಿಕಾರಿಗೆ. ಮನಸ್ಸು ಬದಲಾದರೆ ಲಿಖಿತವಾಗಿ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಕಾಗದ ತೋರಿಸಿದ ತಕ್ಷಣ ಮೆಷಿನ್ ತೆಗೆಯುವುದಿಲ್ಲ, ಗಾಬರಿ ಬೇಡ. ಚಿಕಿತ್ಸೆ ಕೊಡುವ ಡಾಕ್ಟರ್ ಮತ್ತು ಇಬ್ಬರು ತಜ್ಞರಿರುವ ಮಂಡಳಿ ಮೊದಲು ನೋಡುತ್ತದೆ. ಅವರು ಒಪ್ಪಿದ ಮೇಲೆ ಇನ್ನೊಂದು ಮಂಡಳಿಯ ಮೂವರು ನೋಡುತ್ತಾರೆ. ಕಾಗದದಲ್ಲಿ ನೀವು ಹೆಸರಿಸಿದವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು.

ಕಾಗದವನ್ನು ಬೀರುವಿನ ಲಾಕರ್‌ನಲ್ಲಿ ಇಡಬೇಡಿ. ರಾತ್ರಿ ಹೊತ್ತು ಆಂಬುಲೆನ್ಸ್ ಬಾಗಿಲಿಗೆ ಬಂದಾಗ ಬೀಗದ ಕೈ ಯಾರು ಹುಡುಕುತ್ತಾರೆ? ಬಿಪಿ, ಶುಗರ್ ಚೀಟಿಗಳ ಫೈಲಿನಲ್ಲೇ, ಎಲ್ಲಕ್ಕಿಂತ ಮೇಲೆ ಇಡಿ.